ಮತವೂ ಮತದಾನವೂ

ಕನ್ನಡದಲ್ಲಿ ‘ಮತ’ ಎಂಬ ಒಂದು ಮಾತು ಎರಡು ಮನೆಗಳ ಚಾಕರಿ ಮಾಡುತ್ತದೆ. ದೇವರನ್ನು ಕುರಿತು ಒಬ್ಬನು ನಂಬಿ ನಡೆಯುವುದೂ ಮತ. ಐದು ವರ್ಷಕ್ಕೊಮ್ಮೆ ಶಾಲೆಯ ಕೊಠಡಿಯೊಳಗೆ ಹೋಗಿ ಮರೆಯಲ್ಲಿ ಒತ್ತಿ ಬರುವುದೂ ಮತ. ಎರಡಕ್ಕೂ ಮೂಲ ‘ಮನ್’ ಎಂಬ ಒಂದೇ ಧಾತು. ಮನನ ಮಾಡಿ ಮುಟ್ಟಿದ ನಿಲುವು ಯಾವುದೋ ಅದು ಮತ. ವ್ಯವಹಾರದಲ್ಲಿ ನಾವು ಈ ಎರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದೇವೆ. ಇಟ್ಟುಕೊಳ್ಳಬೇಕೆಂದು ಶಾಸನವೂ ಹೇಳುತ್ತದೆ. ಆದರೆ ಕೋಲಾರ ಜಿಲ್ಲೆಯಲ್ಲಿ ಒಮ್ಮೆ ಇವೆರಡೂ ಒಂದೇ ಕಟಕಟೆಯಲ್ಲಿ ನಿಂತವು. ಒಂದು ಬಾರಿಯಲ್ಲ, ಎರಡು ಬಾರಿ. ಆ ಕಥೆಯನ್ನು ಹೇಳುವುದು ಈ ಹೊತ್ತಿನ ನನ್ನ ಉದ್ದೇಶ.

1967ರ ಮಹಾ ಚುನಾವಣೆ. ಮೈಸೂರು ವಿಧಾನಸಭೆಗೆ ಕೋಲಾರ ಚಿನ್ನದ ಗಣಿ ಕ್ಷೇತ್ರದಿಂದ ಸ್ಪರ್ಧಿಸಿದವರಲ್ಲಿ ಎಸ್. ರಾಜಗೋಪಾಲ್ ಒಬ್ಬರು, ಸಿ. ಎಂ. ಆರ್ಮುಗಂ ಇನ್ನೊಬ್ಬರು. ಕ್ಷೇತ್ರವು ಪರಿಶಿಷ್ಟ ಜಾತಿಗೆ ಮೀಸಲು. ನಾಮಪತ್ರಗಳ ಪರಿಶೀಲನೆಯ ಕಾಲದಲ್ಲಿ ಆರ್ಮುಗಂ ಒಂದು ತಕರಾರು ಎತ್ತಿದರು: ರಾಜಗೋಪಾಲ್ ಅವರು ಕ್ರೈಸ್ತರು, ಆದ್ದರಿಂದ ಆದಿ ದ್ರಾವಿಡರೆಂದು ಹೇಳಿಕೊಂಡು ಈ ಕ್ಷೇತ್ರದಲ್ಲಿ ನಿಲ್ಲುವ ಅರ್ಹತೆ ಅವರಿಗಿಲ್ಲ. ಚುನಾವಣಾಧಿಕಾರಿ ಆ ಮಾತನ್ನು ಒಪ್ಪಲಿಲ್ಲ. ಚುನಾವಣೆ ನಡೆಯಿತು, ರಾಜಗೋಪಾಲ್ ಗೆದ್ದರು. ಅಲ್ಲಿಗೆ ವಿಷಯ ಮುಗಿಯದೆ ಹೈಕೋರ್ಟಿನ ಮೆಟ್ಟಿಲನ್ನು ಹತ್ತಿತು.

ಆ ಮೆಟ್ಟಿಲ ಬಳಿ ಅವರನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ನಾವು ತೊಂಬತ್ತು ವರ್ಷ ಹಿಂದಕ್ಕೆ ಹೋಗಿಬರಬೇಕು. ಯಾಕೆಂದರೆ ಕೋಲಾರದ ಸೀಮೆಯಲ್ಲಿ ಕ್ರೈಸ್ತನೆಂದರೆ ಯಾರು, ಅವನು ಸರ್ಕಾರದ ಮುಂದೆ ಹೇಗೆ ನಿಂತ ಎಂಬುದನ್ನು ತಿಳಿಯದೆ ಆ ಮೊಕದ್ದಮೆಯ ನೋವು ತಿಳಿಯುವಂತಿಲ್ಲ.

1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ತಿಂದ ಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರದ ಬರ ಎಂದು ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ ಸುಮಾರು ಐವತ್ತೂವರೆ ಲಕ್ಷ ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಕೋಲಾರ ಕೆರೆಗಳ ಜಿಲ್ಲೆ; ಕೆರೆ ಬತ್ತಿದರೆ ಬೇರೆ ಗತಿಯಿಲ್ಲದ ಜಿಲ್ಲೆ. ಆ ಕಾಲದಲ್ಲಿ ಕುಮಾರಿ ಲೂಯಿಸಾ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಅನಾಥ ಮಕ್ಕಳನ್ನು ಸೇರಿಸಿಕೊಂಡು ಸಾಕಿದರು. 1890ರಲ್ಲಿ ಆಕೆ ತಮ್ಮ ಅನಾಥಾಲಯವನ್ನೂ ಅದಕ್ಕೆ ಸೇರಿದುದನ್ನೂ ಅಮೆರಿಕದ ಮೆಥೊಡಿಸ್ಟ್ ಮಿಷನ್ನಿಗೆ ಒಪ್ಪಿಸಿದರು. 1910ರಲ್ಲಿ ಅದೇ ಮಿಷನ್ನಿನ ಆಸ್ಪತ್ರೆಯೂ ಊರಿಗೆ ಬಂದಿತು. ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಎಂಬ ಅದರ ಪೂರ್ಣ ಹೆಸರನ್ನು ಹಳ್ಳಿಯವರು ಹೇಳಿದ್ದನ್ನು ನಾನು ಕೇಳಿಲ್ಲ. ಅವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬಸುರಿಯರು ಗಾಡಿ ಕಟ್ಟಿಸಿಕೊಂಡು ಬರುತ್ತಿದ್ದುದು ಅಲ್ಲಿಗೆ.

ಹಾಗೆ ಕೋಲಾರದ ಮೆಥೊಡಿಸ್ಟ್ ಸಭೆಯ ಬೇರಿನಲ್ಲಿ ಬರಗಾಲದ ಮಕ್ಕಳಿದ್ದಾರೆ. ಅವರಿಗೆ ನೆಲವಿರಲಿಲ್ಲ. ಅವರು ಬೆಳೆಯುತ್ತಿದ್ದ ಹೊತ್ತಿಗೆ ಸರಿಯಾಗಿ, 1881ರ ಅಕ್ಟೋಬರ್ 7ರಂದು, ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿ ಕರೆದಿದ್ದರು. ಬಂದವರು 144 ಮಂದಿ, ಜಮೀನುದಾರರು ಮತ್ತು ವರ್ತಕರು. ಮುಂದಿನ ದಶಕದಲ್ಲಿ ಚುನಾವಣೆ ಬಂದರೂ ಕಂದಾಯ ಕಟ್ಟುವವನಿಗೆ ಮಾತ್ರ ಮತ. ಕಂದಾಯಕ್ಕೆ ನೆಲ ಬೇಕು. ಆದ್ದರಿಂದ ಕ್ರೈಸ್ತನು ಮತ ಹಾಕಬಹುದೆ, ಹಾಕುವುದು ಧರ್ಮವೆ ಎಂಬ ಪ್ರಶ್ನೆ ಅಂದು ಕೋಲಾರದ ಕ್ರೈಸ್ತನ ಮನೆಬಾಗಿಲಿಗೆ ಬರಲೇ ಇಲ್ಲ. ಆ ಪ್ರಶ್ನೆಯನ್ನು ಕೇಳಿಕೊಳ್ಳುವುದಕ್ಕೂ ಒಂದಿಷ್ಟು ಆಸ್ತಿ ಬೇಕಾಗಿತ್ತು!

ಬೇರೆ ದೇಶಗಳಲ್ಲಿ ಆ ಪ್ರಶ್ನೆ ಅದೇ ಕಾಲದಲ್ಲಿ ಬಹಳ ಕಾವೇರಿದ್ದಿತು. ಪೋಪರ ರಾಜ್ಯವನ್ನು ಕಸಿದುಕೊಂಡು ಬೆಳೆದ ಹೊಸ ಇಟಲಿಯ ಪಾರ್ಲಿಮೆಂಟಿಗೆ ಮತ ಹಾಕುವುದು ಉಚಿತವಲ್ಲವೆಂದು 1868ರಲ್ಲಿ ರೋಮಿನಿಂದ ಇಟಲಿಯ ಕ್ಯಾಥೊಲಿಕರಿಗೆ ಅಪ್ಪಣೆಯಾಯಿತು. 1905ರಲ್ಲಿ ಸಡಿಲವಾಗಿ, 1919ರಲ್ಲಿ ಪೂರ್ತಿಯಾಗಿ ಹೋಗುವವರೆಗೆ ಅರ್ಧ ಶತಮಾನ ಆ ಕಟ್ಟಳೆ ಇದ್ದಿತು. ಅಮೆರಿಕದಲ್ಲಿ ಸ್ಕಾಟಿಷ್ ಕವೆನೆಂಟರ್ ಪರಂಪರೆಯ ಸಭೆಯೊಂದು, ದೇಶದ ಸಂವಿಧಾನದಲ್ಲಿ ಕ್ರಿಸ್ತನ ಒಡೆತನವನ್ನು ಒಪ್ಪಿಲ್ಲವೆಂಬ ಕಾರಣಕ್ಕಾಗಿ ತನ್ನವರು ಮತ ಹಾಕಕೂಡದೆಂದು ಬಹುಕಾಲ ವಿಧಿಸಿತ್ತು. ಯೆಹೋವನ ಸಾಕ್ಷಿಗಳು ಇಂದಿಗೂ ಚುನಾವಣೆಯಿಂದ ದೂರ. ಕ್ರೈಸ್ತ ಶಾಸ್ತ್ರದಲ್ಲಿ ಇವರಿಗೆಲ್ಲ ಆಧಾರವಿಲ್ಲದೆ ಇಲ್ಲ. ಕೈಸರನ ನಾಣ್ಯವನ್ನು ಕುರಿತು ಯೇಸು ಕೊಟ್ಟ ಉತ್ತರ ಒಂದು ಕಡೆ. ರೋಮಾಪುರದವರಿಗೆ ಪೌಲನು ಬರೆದ ಪತ್ರದ ಹದಿಮೂರನೆಯ ಅಧ್ಯಾಯದಲ್ಲಿ ಅಧಿಕಾರಕ್ಕೆ ಸಲ್ಲಬೇಕೆಂದ ವಿಧೇಯತೆ ಒಂದು ಕಡೆ. ಪ್ರಕಟನೆಯ ಪುಸ್ತಕದ ಹದಿಮೂರನೆಯ ಅಧ್ಯಾಯದಲ್ಲಿ ಅದೇ ಅಧಿಕಾರ ಸಮುದ್ರದಿಂದ ಎದ್ದುಬರುವ ಮೃಗವಾಗಿ ಕಾಣುವುದು ಮತ್ತೊಂದು ಕಡೆ. ಅಧ್ಯಾಯದ ಸಂಖ್ಯೆ ಒಂದೇ, ನೋಟ ಮಾತ್ರ ಎರಡು.

ನಮ್ಮ ಕಡೆಯ ಮಿಷನ್ನುಗಳು ರೋಮಾಪುರದವರ ಪತ್ರವನ್ನು ಹೆಚ್ಚಾಗಿ ಓದಿದವು. ಅದಕ್ಕೆ ಭಕ್ತಿಯೊಂದೇ ಕಾರಣವಲ್ಲ. ಮೊದಲನೆಯ ಮಹಾಯುದ್ಧದ ಅನಂತರ, ಬ್ರಿಟಿಷರಲ್ಲದ ಮಿಷನ್ನುಗಳು ಭಾರತದಲ್ಲಿ ಕೆಲಸ ಮಾಡಬೇಕಾದರೆ ಸ್ಥಾಪಿತ ಸರ್ಕಾರಕ್ಕೆ ವಿರೋಧವಾಗಿ ನಡೆಯುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕಾಗಿತ್ತು. ಅಮೆರಿಕದ ಮಿಷನ್ನಿಗೂ ಇದು ತಪ್ಪಲಿಲ್ಲ. ಗುರುವಿನ ನಾಲಗೆಗೆ ಮುಚ್ಚಳಿಕೆ ಬಿದ್ದಮೇಲೆ ಶಿಷ್ಯನು ಮಾತು ಕಲಿಯುವುದೆಲ್ಲಿಂದ? ರಾಜಕೀಯವೆಂಬುದು ಭಾನುವಾರದ ಪ್ರಸಂಗದಲ್ಲಿ ಬರಕೂಡದ ವಿಷಯ ಎಂಬ ನಡವಳಿಕೆ ಹಾಗೆ ಬೆಳೆಯಿತು. ಮುಚ್ಚಳಿಕೆ ಹೋದಮೇಲೂ ನಡವಳಿಕೆ ಉಳಿಯಿತು.

ಕೋಲಾರ ಜಿಲ್ಲೆಯಲ್ಲಿ ಇದಕ್ಕೆ ಪ್ರತಿಯಾದ ಇನ್ನೊಂದು ದನಿಯೂ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಗೋಖಲೆಯವರ ಆದರ್ಶವನ್ನು ಹಿಡಿದು, ಸಾರ್ವಜನಿಕ ಜೀವನಕ್ಕೆ ಅಧ್ಯಾತ್ಮದ ಸಂಸ್ಕಾರ ಬೇಕೆಂದು ಆಯುಷ್ಯವೆಲ್ಲ ಹೇಳಿದರು. ನ್ಯಾಯವಿಧಾಯಕ ಸಭೆಯಲ್ಲಿ ಕುಳಿತೂ ಹೇಳಿದರು, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಂಸ್ಥೆಯನ್ನು ಕಟ್ಟಿಯೂ ಹೇಳಿದರು. ಅಂತಃಸಾಕ್ಷಿಯುಳ್ಳವನು ರಾಜಕೀಯದಿಂದ ದೂರ ನಿಂತರೆ ರಾಜಕೀಯದಲ್ಲಿ ಅಂತಃಸಾಕ್ಷಿ ಉಳಿಯುವುದು ಹೇಗೆ ಎಂಬ ಅವರ ಚಿಂತೆ ಒಂದು ಮತಕ್ಕೆ ಸೇರಿದ್ದಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿಯವರು ಅಧಿಕಾರದಲ್ಲಿದ್ದು, ತಮಗೆ ಸಲ್ಲಬೇಕಾದುದು ಸಲ್ಲದೆ ಹೋದಾಗ 1943ರಲ್ಲಿ ರಾಜೀನಾಮೆ ಕೊಟ್ಟು ಬಂದದ್ದೂ ಈ ಜಿಲ್ಲೆಯ ಅಂತಃಸಾಕ್ಷಿಯ ಚರಿತ್ರೆಯಲ್ಲಿ ಒಂದು ಪುಟವೇ.

ಇತ್ತ ಬ್ರಿಟಿಷ್ ಪ್ರಾಂತಗಳಲ್ಲಿ ಇನ್ನೊಂದು ಗಂಟು ಬೀಳುತ್ತಿತ್ತು. ಕ್ರೈಸ್ತರಿಗೆ ಪ್ರತ್ಯೇಕ ಮತದಾರರ ಪಟ್ಟಿ ಬೇಕೆ, ಬೇಡವೆ? ದುಂಡುಮೇಜಿನ ಪರಿಷತ್ತಿನಲ್ಲಿ ಭಾರತೀಯ ಕ್ರೈಸ್ತರೇ ಎರಡು ಪಕ್ಷವಾದರು. ಸೇಲಂನ ಕೆ. ಟಿ. ಪಾಲ್, ಪಂಜಾಬಿನ ಎಸ್. ಕೆ. ದತ್ತ ಇವರು ಬೇಡವೆಂದರು. ಮದರಾಸಿನ ಪನ್ನೀರ್ ಸೆಲ್ವಂ ಅವರು ಬೇಕೆಂದು ಅಲ್ಪಸಂಖ್ಯಾತರ ಒಡಂಬಡಿಕೆಗೆ ಸಹಿ ಹಾಕಿದರು. 1932ರ ತೀರ್ಪು ‘ಬೇಕು’ ಎಂದವರ ಕಡೆಗಾಯಿತು. ಅದೇ ವರ್ಷ ಪುಣೆ ಒಪ್ಪಂದದಿಂದ ಅಸ್ಪೃಶ್ಯ ವರ್ಗಗಳಿಗೆ ಮೀಸಲು ಸ್ಥಾನಗಳೂ ಬಂದವು. ಒಬ್ಬನೇ ಎರಡೂ ಕಡೆ ಎಲೆ ಹಾಕಿಸಿಕೊಳ್ಳಬಾರದಲ್ಲ. ಆದ್ದರಿಂದ 1936ರ ಪರಿಶಿಷ್ಟ ಜಾತಿಗಳ ಆಜ್ಞೆಯಲ್ಲಿ ಭಾರತೀಯ ಕ್ರೈಸ್ತನನ್ನು ಪರಿಶಿಷ್ಟ ಜಾತಿಯವನೆಂದು ಎಣಿಸತಕ್ಕದ್ದಲ್ಲ ಎಂದು ಬರೆದರು. ಆ ಹೊತ್ತಿನ ಲೆಕ್ಕಕ್ಕೆ ಅದು ಸರಿಯೇ. ಒಂದು ಪಂಕ್ತಿಯಲ್ಲಿ ಅವನಿಗೆ ಎಲೆಯಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಮೈಸೂರು ಸಂಸ್ಥಾನಕ್ಕೆ ಈ ಆಜ್ಞೆ ತಗಲುತ್ತಿರಲಿಲ್ಲ. ಇಲ್ಲಿ 1923ರ ಶಾಸನದಲ್ಲಿ ಅಲ್ಪಸಂಖ್ಯಾತರಿಗೆ, ಭಾರತೀಯ ಕ್ರೈಸ್ತರೂ ಸೇರಿ, ವಿಶೇಷ ಪ್ರಾತಿನಿಧ್ಯದ ಏರ್ಪಾಡು ಬೇರೆಯಾಗಿ ಇತ್ತು.

ಸ್ವಾತಂತ್ರ್ಯ ಬಂದಿತು. ಸಂವಿಧಾನ ರಚನಾ ಸಭೆಯ ಉಪಾಧ್ಯಕ್ಷರಾಗಿದ್ದ ಹರೇಂದ್ರ ಕುಮಾರ್ ಮುಖರ್ಜಿ ಬಂಗಾಳಿ ಕ್ರೈಸ್ತರು. 1949ರ ಮೇ ತಿಂಗಳಲ್ಲಿ ಧರ್ಮದ ಆಧಾರದ ಮೇಲೆ ಅಲ್ಪಸಂಖ್ಯಾತರಿಗೆ ಮೀಸಲು ಸ್ಥಾನ ಬೇಡವೆಂಬ ನಿರ್ಣಯವನ್ನು ಸಲಹಾ ಸಮಿತಿಯ ಮುಂದಿಟ್ಟವರು ಅವರೇ. ರಾಜಕುಮಾರಿ ಅಮೃತ್ ಕೌರ್ ಮೊದಲಿನಿಂದಲೂ ಆ ಪಕ್ಷ. ಮಂಗಳೂರಿನಲ್ಲಿ ಹುಟ್ಟಿ ಮದರಾಸಿನಿಂದ ಸಭೆಗೆ ಬಂದಿದ್ದ ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜರೂ ಆ ತೀರ್ಮಾನದ ಪರವಾಗಿ ನಿಂತರು. ಕ್ರೈಸ್ತರ ಈ ತ್ಯಾಗವನ್ನು ದೇಶ ಹೊಗಳಿತು. ಹೊಗಳಬೇಕಾದದ್ದೇ. ನೆರೆಯವನ ನ್ಯಾಯಬುದ್ಧಿಯಲ್ಲಿ ನಂಬಿಕೆಯಿಟ್ಟು ತನ್ನ ಕಾವಲನ್ನು ತಾನೇ ತೆಗೆದುಹಾಕುವುದು ಸಣ್ಣ ಕೆಲಸವಲ್ಲ.

ಆದರೆ ತ್ಯಾಗ ಮಾಡಿದವರು ಯಾರು, ತ್ಯಾಗವಾದದ್ದು ಯಾರದು? ಮರುವರ್ಷ, 1950ರ ಆಗಸ್ಟಿನಲ್ಲಿ, ರಾಷ್ಟ್ರಪತಿಗಳ ಪರಿಶಿಷ್ಟ ಜಾತಿಗಳ ಆಜ್ಞೆ ಹೊರಟಿತು. ಅದರ ಮೂರನೆಯ ಪರಿಚ್ಛೇದದ ಪ್ರಕಾರ ಹಿಂದೂ ಧರ್ಮವನ್ನಲ್ಲದೆ ಬೇರೆ ಧರ್ಮವನ್ನು ಅವಲಂಬಿಸಿದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಇದರೊಳಗೆ ಸೇರಿಸಿದರು. ಕ್ರೈಸ್ತರೂ ಮುಸಲ್ಮಾನರೂ ಹೊರಗೇ ಉಳಿದರು. 1936ರಲ್ಲಿ ಹೊರಗಿಟ್ಟದ್ದಕ್ಕೆ ಕಾರಣ ಕ್ರೈಸ್ತನಿಗೆ ಬೇರೆ ಪಂಕ್ತಿಯಿದೆ ಎಂಬುದು. 1949ರಲ್ಲಿ ಆ ಪಂಕ್ತಿ ಎದ್ದುಹೋಯಿತು; ಹೊರಗಿಡುವಿಕೆ ಮಾತ್ರ ನಿಂತಿತು. ವಿದ್ಯಾವಂತ ಕ್ರೈಸ್ತ ನಾಯಕರಿಗೆ ಈ ಏರ್ಪಾಡಿನಿಂದ ಕಳೆದುಕೊಳ್ಳುವುದು ಹೆಚ್ಚೇನೂ ಇರಲಿಲ್ಲ. ಹೊಲೆಗೇರಿಯಿಂದ ಮಾದಿಗರ ಕೇರಿಯಿಂದ ಸಭೆಗೆ ಬಂದವನು ಎರಡು ಎಲೆಗಳನ್ನೂ ಕಳೆದುಕೊಂಡ. ಅವನನ್ನು ಯಾರೂ ಕೇಳಿರಲಿಲ್ಲ.

ಈಗ ಕೋಲಾರದ ಗಣಿಗೆ ಬರೋಣ. 1880ರಿಂದ ಜಾನ್ ಟೇಲರ್ ಕಂಪನಿ ಅಲ್ಲಿ ಆಳದ ಸುರಂಗಗಳನ್ನು ತೋಡಿಸತೊಡಗಿದಾಗ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯ ಆದಿ ದ್ರಾವಿಡರು. ಊರಿನ ಜೀತವನ್ನು ಬಿಟ್ಟು ಭೂಮಿಯ ಕೆಳಗೆ ಇಳಿಯುವುದೇ ಅವರಿಗೆ ಮೇಲೇರುವ ದಾರಿಯಾಗಿತ್ತು. ಜಾತಿಯ ನೊಗವನ್ನು ಕಳಚಲು ಅವರಲ್ಲಿ ಕೆಲವರು ಕ್ರಿಸ್ತನ ಸಭೆಗೆ ಹೋದರು. ಕೆಲವರು ಅಯೋತಿ ದಾಸ ಪಂಡಿತರ ಶಾಕ್ಯ ಬೌದ್ಧ ಸಂಘವನ್ನು ಸೇರಿದರು, ಅದಕ್ಕೆ ಮಾರಿಕುಪ್ಪಂನಲ್ಲಿ ಶಾಖೆಯಿದ್ದಿತು. ಒಂದೇ ಲೈನಿನ ಮನೆಗಳಲ್ಲಿ, ಒಂದೇ ವಂಶದಲ್ಲಿ, ಒಬ್ಬ ಹಿಂದೂ, ಒಬ್ಬ ಬೌದ್ಧ, ಒಬ್ಬ ಕ್ರೈಸ್ತ. ಮೂವರೂ ಇಳಿಯುತ್ತಿದ್ದುದು ಒಂದೇ ತೊಟ್ಟಿಲಲ್ಲಿ, ಒಂದೇ ಗುಂಡಿಗೆ.

ಈ ಲೋಕದಿಂದ ಬಂದ ರಾಜಗೋಪಾಲ್ ಅವರು 1949ರಲ್ಲಿ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ್ದರೆಂದು ನ್ಯಾಯಾಲಯ ಕಂಡುಕೊಂಡಿತು. ಹೈಕೋರ್ಟು ಅವರ ಆಯ್ಕೆಯನ್ನು ರದ್ದು ಮಾಡಿತು. 1968ರಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಕೇಳಿತು. ಆ ತೀರ್ಪಿನ ತರ್ಕ ಗಮನಿಸತಕ್ಕದ್ದು. 1967ರ ಹೊತ್ತಿಗೆ ರಾಜಗೋಪಾಲ್ ಮತ್ತೆ ಹಿಂದೂ ಧರ್ಮವನ್ನು ಅವಲಂಬಿಸಿದ್ದರು, ಅದು ಸರಿ. ಆದರೆ 1949ರಲ್ಲಿ ಕ್ರೈಸ್ತರಾದಾಗ ಅವರ ಜಾತಿ ಕಡಿದುಹೋಗಿತ್ತು. ಹಿಂದಿರುಗಿ ಬಂದವರನ್ನು ಆದಿ ದ್ರಾವಿಡರು ತಮ್ಮವರೆಂದು ಮತ್ತೆ ಸೇರಿಸಿಕೊಂಡರು ಎನ್ನುವುದಕ್ಕೆ ಸಾಕ್ಷ್ಯವಿಲ್ಲ. ಆದ್ದರಿಂದ ಆಯ್ಕೆ ಅಸಿಂಧು. ಅಂದರೆ ರಾಜಗೋಪಾಲ್ ಕ್ರೈಸ್ತರಲ್ಲ, ಆದಿ ದ್ರಾವಿಡರೂ ಅಲ್ಲ. ಜಾತಿಯೇ ಇಲ್ಲದ ಹಿಂದೂ. ಎಷ್ಟೋ ಶತಮಾನಗಳಿಂದ ನಮ್ಮ ಸುಧಾರಕರು ಹಂಬಲಿಸಿ ಹುಡುಕಿದ ಆ ಮನುಷ್ಯ ಕೊನೆಗೂ ಚಿನ್ನದ ಗಣಿಯಲ್ಲಿ ಸಿಕ್ಕಿದ. ಆದರೆ ಅದೇ ಅವನ ಅನರ್ಹತೆಯಾಯಿತು.

1972ರಲ್ಲಿ ರಾಜಗೋಪಾಲ್ ಅದೇ ಕ್ಷೇತ್ರದಲ್ಲಿ ಮತ್ತೆ ನಿಂತರು, ಮತ್ತೆ ಗೆದ್ದರು. ಆರ್ಮುಗಂ ಮತ್ತೆ ಮೊಕದ್ದಮೆ ಹೂಡಿದರು. ಈ ನಡುವಣ ಐದು ವರ್ಷಗಳಲ್ಲಿ ನಡೆದ ಸಂಗತಿಗಳು ಒಂದೊಂದಾಗಿ ನ್ಯಾಯಾಲಯದ ಮೇಜಿನ ಮೇಲೆ ಬಂದವು. ಆದಿ ದ್ರಾವಿಡರ ದೇವಾಲಯದ ಗೋಡೆಗೆ ಅಡಿಗಲ್ಲು ಇಡಲು ಅವರನ್ನು ಕರೆದಿದ್ದರು. ತಂದೆಯ ಉತ್ತರಕ್ರಿಯೆ ಆದಿ ದ್ರಾವಿಡರ ಪದ್ಧತಿಯಂತೆ ನಡೆಯಿತು. ಪರಿಶಿಷ್ಟ ಜಾತಿಗಳ ಸಮ್ಮೇಳನದಲ್ಲಿ ಅವರು ಭಾಗವಹಿಸಿದ್ದರು. ಶಾಲೆಯ ದಾಖಲೆಯಲ್ಲಿ ಮಕ್ಕಳು ಆದಿ ದ್ರಾವಿಡ ಹಿಂದೂಗಳು. 1975ರ ಡಿಸೆಂಬರ್ 19ರಂದು ನ್ಯಾಯಮೂರ್ತಿ ಭಗವತಿಯವರು ತೀರ್ಪು ಹೇಳಿದರು. ಮತಾಂತರದಿಂದ ಜಾತಿ ಹೋಗಿಯೇ ಹೋಗುತ್ತದೆಂದು ಎಲ್ಲ ಕಾಲಕ್ಕೂ ಎಲ್ಲ ಕಡೆಗೂ ಒಂದೇ ನಿಯಮವಿಲ್ಲ. ಅದು ಆಯಾ ಜಾತಿಯ ಕಟ್ಟಿನ ಮೇಲೆ ನಿಂತ ಮಾತು. ದಕ್ಷಿಣ ಭಾರತದಲ್ಲಿ ಕ್ರೈಸ್ತರಾದಮೇಲೂ ಜಾತಿಯನ್ನು ಉಳಿಸಿಕೊಂಡವರು ಅಪರೂಪವಲ್ಲ. ಹೋಗಿದ್ದರೂ, ಹಿಂದಿರುಗಿದವನನ್ನು ಜಾತಿಯವರು ಒಪ್ಪಿದರೆ ಅವನು ಪುನಃ ಆ ಜಾತಿಯವನೇ. ರಾಜಗೋಪಾಲರ ಆಯ್ಕೆ ಊರ್ಜಿತವಾಯಿತು. ದೇಶದಲ್ಲಿ ತುರ್ತು ಪರಿಸ್ಥಿತಿಯಿದ್ದ ಕಾಲ ಅದು. ಒಬ್ಬನ ಜಾತಿ ಯಾವುದೆಂದು ನ್ಯಾಯಾಲಯ ಅಷ್ಟು ಸಾವಧಾನವಾಗಿ ಆಲೋಚಿಸುತ್ತಿದ್ದಾಗ ಮುಂದಿನ ಚುನಾವಣೆ ನಡೆಯುವುದೋ ಇಲ್ಲವೋ ಯಾರಿಗೂ ತಿಳಿಯದು. ಆದರೂ ಆ ತೀರ್ಪು ಬಾಳಿತು. 1984ರಲ್ಲಿ ಮಧ್ಯಪ್ರದೇಶದ ಚುನಾವಣಾ ವ್ಯಾಜ್ಯದಲ್ಲಿ, 2015ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ನ್ಯಾಯಾಲಯ ಈ ದಾರಿಯಲ್ಲೇ ನಡೆಯಿತು. ಕೋಲಾರದ ಹೆಸರು ಭಾರತದ ಕಾನೂನು ಪುಸ್ತಕಗಳಲ್ಲಿ ಚಿನ್ನಕ್ಕಾಗಿ ಅಲ್ಲ, ಈ ಮೊಕದ್ದಮೆಗಾಗಿ ಉಳಿದಿದೆ.

ರಾಜಗೋಪಾಲರ ಅಂತರಂಗದಲ್ಲಿ ಏನಿತ್ತೆಂದು ತೂಗಿ ನೋಡುವ ತಕ್ಕಡಿ ನನ್ನಲ್ಲಿಲ್ಲ, ಯಾರಲ್ಲೂ ಇರಲಾರದು. ನ್ಯಾಯಾಲಯವೂ ಅಂತರಂಗವನ್ನು ಕೇಳಲಿಲ್ಲ. ಅದು ಕೇಳಿದ್ದು, ಒಬ್ಬನು ಯಾವ ಧರ್ಮವನ್ನು ಬಹಿರಂಗವಾಗಿ ಒಪ್ಪಿ ನಡೆಯುತ್ತಾನೆ ಎಂಬುದನ್ನು. 1962ರ ಚುನಾವಣೆಗೆ ಸಂಬಂಧಿಸಿದ ನಾಗಪುರದ ಮೊಕದ್ದಮೆಯಲ್ಲಿ, ಬೌದ್ಧ ಧರ್ಮವನ್ನು ಸ್ವೀಕರಿಸಿದ್ದ ಅಭ್ಯರ್ಥಿಯ ವಿಷಯದಲ್ಲಿ, ಆ ಮಾತಿನ ಅರ್ಥವನ್ನು ಸುಪ್ರೀಂ ಕೋರ್ಟು ಆಗಲೇ ನಿಷ್ಕರ್ಷಿಸಿತ್ತು: ನಾಲ್ಕು ಜನರಿಗೆ ತಿಳಿಯುವಂತೆ ಹೇಳಿಕೊಳ್ಳುವುದು. ವಿಚಿತ್ರವೆಂದರೆ ಕ್ರೈಸ್ತ ಸಭೆ ದೀಕ್ಷಾಸ್ನಾನದ ಕಾಲದಲ್ಲಿ ಕೇಳುವುದೂ ಇದನ್ನೇ. ನಂಬಿಕೆ ಮನಸ್ಸಿನಲ್ಲಿದ್ದರೆ ಸಾಲದು, ಬಾಯಿಂದ ಅರಿಕೆಯಾಗಬೇಕು. ಶಾಸನವೂ ಸಭೆಯೂ ಒಂದೇ ಪ್ರಶ್ನೆ ಕೇಳುತ್ತವೆ. ಉತ್ತರಕ್ಕೆ ಮಾತ್ರ ಒಂದು ಕಡೆ ಬಹುಮಾನ, ಇನ್ನೊಂದು ಕಡೆ ದಂಡ.

ನಮ್ಮ ಕಡೆಯಲ್ಲಿ ಇದರ ಫಲವೇನೆಂಬುದು ಗುಟ್ಟಲ್ಲ. ಭಾನುವಾರಕ್ಕೆ ಒಂದು ಹೆಸರು, ಶಾಲೆಯ ದಾಖಲೆಗೆ ಒಂದು ಹೆಸರು. ಪ್ರಾರ್ಥನೆಯಲ್ಲಿ ಸ್ಯಾಮುವೇಲನಾದವನು ತಹಶೀಲ್ದಾರರ ಕಛೇರಿಯಲ್ಲಿ ತಾತನ ಹೆಸರಿನಿಂದ ನಿಲ್ಲುತ್ತಾನೆ. ಇಂಥವರನ್ನು ಕಂಡು ಕೆಲವು ಭಕ್ತರು, 'ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸುತ್ತ ನಿಂತು ಗುರುವನ್ನು ಮೂರು ಬಾರಿ ಅರಿಯೆನೆಂದ ಪೇತ್ರನ ಸಂತಾನ ಇವರು' ಎನ್ನುತ್ತಾರೆ. ನನಗೆ ಆ ಹೋಲಿಕೆ ಒಪ್ಪಿಗೆಯಿಲ್ಲ. ಪೇತ್ರನು ಪ್ರಾಣಭಯದಿಂದ ಹೇಳಿದ. ಇವನು ಮಗನ ವಿದ್ಯಾರ್ಥಿವೇತನಕ್ಕಾಗಿ ಹೇಳುತ್ತಾನೆ. ಅದೂ ಇರಲಿ, ಇವನು ಹೇಳುವುದು ಸುಳ್ಳಾದರೂ ಎಷ್ಟು ಸುಳ್ಳು? ಕೇರಿ ಬದಲಾಗಿಲ್ಲ, ಬಾವಿಯ ಕಡೆಗಿನ ಕಣ್ಣುಗಳು ಬದಲಾಗಿಲ್ಲ, ಕೂಲಿ ಬದಲಾಗಿಲ್ಲ. ಬೈಬಲಿನಲ್ಲೇ ಬೇರೊಂದು ಕಥೆಯಿದೆ. ಸಿರಿಯಾದ ಸೇನಾಪತಿ ನಾಮಾನನು ಕುಷ್ಠ ವಾಸಿಯಾಗಿ ಇಸ್ರಾಯೇಲರ ದೇವರನ್ನು ನಂಬಿದಮೇಲೆ ಪ್ರವಾದಿ ಎಲೀಷನನ್ನು ಒಂದು ಮಾತು ಕೇಳಿಕೊಂಡ: ತನ್ನ ರಾಜನು ರಿಮ್ಮೋನನ ಗುಡಿಯಲ್ಲಿ ಅಡ್ಡಬೀಳುವಾಗ ತನ್ನ ತೋಳನ್ನು ಹಿಡಿದಿರುತ್ತಾನೆ, ಆಗ ತಾನೂ ಬಾಗಬೇಕಾಗುತ್ತದೆ, ಅದೊಂದನ್ನು ದೇವರು ಕ್ಷಮಿಸಲಿ. ಎಲೀಷನು ಅವನನ್ನು ಬಯ್ಯಲಿಲ್ಲ; ಸಮಾಧಾನದಿಂದ ಕಳುಹಿಸಿಕೊಟ್ಟ. ಕೋಲಾರದ ಪಾದ್ರಿಗಳಲ್ಲಿ ಎಲೀಷರೂ ಇದ್ದಾರೆ. ಆದರೆ ನಾಮಾನನಿಗೆ ಇಲ್ಲದ ಒಂದು ಕಷ್ಟ ನಮ್ಮವನಿಗಿದೆ. ಮಗನ ವಿದ್ಯಾರ್ಥಿವೇತನಕ್ಕೆ ಬಾಗಿದವನನ್ನು ಯಾರೂ ಹೆಚ್ಚಾಗಿ ಗಮನಿಸರು. ಚುನಾವಣೆಗೆ ನಿಂತನೆಂದರೆ ಎದುರಾಳಿ ಅವನ ದೀಕ್ಷಾಸ್ನಾನದ ದಾಖಲೆಯನ್ನೇ ಹುಡುಕಿಸುತ್ತಾನೆ. ಆದ್ದರಿಂದ ಎರಡು ಹೆಸರಿನವನು ಮತ ಹಾಕುತ್ತಾನೆ, ನಿಲ್ಲುವುದಿಲ್ಲ.

ಇದಕ್ಕೆ ಸಭೆಯ ಪಾಲೂ ಇದೆ. ಕ್ರಿಸ್ತನಲ್ಲಿ ಜಾತಿಯಿಲ್ಲವೆಂಬುದು ಉಪದೇಶ. ಆದರೆ ದಕ್ಷಿಣದ ಎಷ್ಟೋ ದೇವಾಲಯಗಳಲ್ಲಿ ಕೂರುವ ಬೆಂಚು ಬೇರೆ, ಹೂಳುವ ನೆಲ ಬೇರೆ ಎಂಬುದು ಚರಿತ್ರೆ. ಮದರಾಸಿನ ಒಬ್ಬ ಚಮ್ಮಾರ ಕ್ರೈಸ್ತ, ಸೂಸೈ ಎಂಬವನು, ರಸ್ತೆಬದಿಯ ಕಸುಬಿಗೆ ಸರ್ಕಾರ ಕೊಡುತ್ತಿದ್ದ ಪೆಟ್ಟಿಗೆಯಂಗಡಿ ತನಗೂ ಬೇಕೆಂದು ಸುಪ್ರೀಂ ಕೋರ್ಟಿಗೆ ಹೋದ. ಹಿಂದೂ ಚಮ್ಮಾರರಿಗೆ ಸಿಕ್ಕಿತ್ತು. 1985ರಲ್ಲಿ ನ್ಯಾಯಾಲಯ ಹೇಳಿತು: ಮತಾಂತರದ ಮೇಲೂ ಜಾತಿ ಉಳಿಯುತ್ತದೆಂದರೆ ಸಾಲದು; ಹಿಂದೂ ಸಮಾಜದಲ್ಲಿದ್ದ ಅದೇ ತೀವ್ರತೆಯ ಹಿಂಸೆ ಕ್ರೈಸ್ತ ಸಮಾಜದಲ್ಲೂ ಇದೆಯೆಂದು ತೋರಿಸಬೇಕು; ತೋರಿಸಿಲ್ಲ. ಸೂಸೈ ಸೋತ. ಆ ತೀರ್ಪನ್ನು ಓದಿದಾಗಲೆಲ್ಲ ನನಗೆ ಒಂದು ವಿಚಾರ ಹೊಳೆಯುತ್ತದೆ. ತನ್ನ ಬಡ ಮಕ್ಕಳಿಗೆ ನ್ಯಾಯ ಸಿಕ್ಕಬೇಕಾದರೆ ಸಭೆ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯಬೇಕು. 'ನಮ್ಮಲ್ಲಿಯೂ ಅಸ್ಪೃಶ್ಯತೆಯಿದೆ' ಎಂದು ಪ್ರಮಾಣ ಮಾಡಬೇಕು. ಕ್ರೈಸ್ತ ಅಂತಃಸಾಕ್ಷಿಗೆ ಇದಕ್ಕಿಂತ ಕಠಿಣವಾದ ಚುನಾವಣೆ ಇನ್ನಾವುದಿದೆ?

ಪಾದ್ರಿಗಳು ಚುನಾವಣೆಯಲ್ಲಿ ಯಾರಿಗೆ ಮತ ಹಾಕಬೇಕೆಂದು ಹೇಳಬಹುದೆ ಎಂಬುದನ್ನು ಕುರಿತು ಆಗಾಗ ಜಗಳವಾಗುತ್ತದೆ. ಅದರ ಮಟ್ಟಿಗೆ ಶಾಸನ ಸ್ಪಷ್ಟ. 1951ರ ಪ್ರಜಾಪ್ರಾತಿನಿಧ್ಯ ಶಾಸನದ 123ನೆಯ ಪ್ರಕರಣದಲ್ಲಿ, ಇಂಥವನಿಗೆ ಮತ ಹಾಕಿದರೆ ಅಥವಾ ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುವೆ ಎಂದು ಬೆದರಿಸುವುದು ಭ್ರಷ್ಟಾಚಾರವೆಂದೇ ಇದೆ. ಎಲ್ಲ ಮತದ ಗುರುಗಳಿಗೂ ಇದು ಒಂದೇ. ಪಂಜಾಬಿನ ನಾಮಧಾರಿ ಗುರುವೊಬ್ಬರ ಫರ್ಮಾನಿನಿಂದ ಒಂದು ಆಯ್ಕೆ ಬಿದ್ದುಹೋದದ್ದು 1959ರಲ್ಲಿ. ಯಾರೂ ಬೇಡವೆನ್ನುವವನಿಗೆ 2013ರಿಂದ ಪ್ರತ್ಯೇಕ ಗುಂಡಿಯನ್ನೂ ಇಟ್ಟಿದ್ದಾರೆ. ಮರೆಯ ಹಿಂದೆ ನಿಂತ ಮತದಾರನ ಅಂತಃಸಾಕ್ಷಿಗೆ ನಮ್ಮ ದೇಶದಲ್ಲಿ ಕೊಟ್ಟಿರುವ ರಕ್ಷಣೆ ಕಡಿಮೆಯದೇನಲ್ಲ. ಮರೆಯ ಈಚೆ ಬಂದು ಅಭ್ಯರ್ಥಿಯಾಗುವವನ ಪಾಡು ಬೇರೆ.

ಇಂದಿನ ಕೋಲಾರ ಜಿಲ್ಲೆಯಲ್ಲಿ ವಿಧಾನಸಭೆಯ ಆರು ಕ್ಷೇತ್ರಗಳು. 2008ರ ವಿಂಗಡಣೆಯಾದಮೇಲೆ ಮುಳಬಾಗಿಲು, ಬಂಗಾರಪೇಟೆ, ಚಿನ್ನದ ಗಣಿ ಈ ಮೂರೂ ಪರಿಶಿಷ್ಟ ಜಾತಿಗೆ ಮೀಸಲು. ಕೋಲಾರ, ಮಾಲೂರು, ಶ್ರೀನಿವಾಸಪುರ ಸಾಮಾನ್ಯ. ಲೋಕಸಭೆಯ ಕೋಲಾರ ಕ್ಷೇತ್ರವೂ ಮೀಸಲೇ. ಮುಳಬಾಗಿಲಿನ ದಲಿತ ಕ್ರೈಸ್ತನು ತಾನು ಹುಟ್ಟಿದ ತಾಲ್ಲೂಕಿನಲ್ಲಿ ತನ್ನ ನಿಜವಾದ ಹೆಸರಿನಿಂದ ಶಾಸಕನಾಗಲಾರ. ಪಕ್ಕದ ಶ್ರೀನಿವಾಸಪುರಕ್ಕೆ ಹೋಗಿ ನಿಲ್ಲಬಹುದು, ಶಾಸನದ ಅಡ್ಡಿಯಿಲ್ಲ. ಆದರೆ ಶ್ರೀನಿವಾಸಪುರದಲ್ಲಿ 1978ರಿಂದ 2013ರವರೆಗೆ ಇಬ್ಬರೇ ನಾಯಕರು ಒಂದು ಬಾರಿ ಇವರು ಒಂದು ಬಾರಿ ಅವರು ಎಂಬಂತೆ ಗೆಲ್ಲುತ್ತ ಬಂದರು. ಮೂರನೆಯವನಿಗೆ ಅಲ್ಲಿ ನೆಲವೆಲ್ಲಿ? ಅದೇ ಊರಿನ ಬೀದಿಯಲ್ಲಿ 2021ರ ಡಿಸೆಂಬರಿನಲ್ಲಿ ಮನೆಮನೆಗೆ ಹಂಚಲು ತಂದಿದ್ದ ಕ್ರೈಸ್ತ ಪುಸ್ತಕಗಳಿಗೆ ಬೆಂಕಿಯಿಟ್ಟರು. ಅಂಥ ದಿನದ ಮರುದಿನ ಮತ ಕೇಳಲು ಬೀದಿಗೆ ಇಳಿಯುವವನಿಗೆ ಎದೆ ಗಟ್ಟಿಯಿರಬೇಕು.

ಮೂರನೆಯ ಪರಿಚ್ಛೇದವನ್ನು ತೆಗೆದುಹಾಕಬೇಕೆಂದು ರಂಗನಾಥ ಮಿಶ್ರ ಆಯೋಗ 2007ರಲ್ಲಿ ಶಿಫಾರಸು ಮಾಡಿತು, ಜಾರಿಗೆ ಬರಲಿಲ್ಲ. 2022ರ ಅಕ್ಟೋಬರಿನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗಕ್ಕೆ ಅದೇ ಪ್ರಶ್ನೆಯನ್ನು ಒಪ್ಪಿಸಿದರು. ಎರಡು ವರ್ಷವೆಂದಿದ್ದ ಅದರ ಅವಧಿಯನ್ನು ಅನಂತರ ವಿಸ್ತರಿಸಿದರು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಕ್ರೈಸ್ತಳಾಗಿ ನಡೆಯುತ್ತ ಹುದ್ದೆಗಾಗಿ ಮಾತ್ರ ಹಿಂದೂ ಎನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆಯೆಂದು ಪುದುಚೇರಿಯ ಮಹಿಳೆಯೊಬ್ಬಳ ಮೊಕದ್ದಮೆಯಲ್ಲಿ ಹೇಳಿತು. ಮಾತು ಕಟುವಾಯಿತು; ಈಗಿರುವ ಶಾಸನದ ಅಕ್ಷರಕ್ಕೆ ವಿರೋಧವಾಗಿ ಅದೇನೂ ಇಲ್ಲ.

ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಲೈನಿನ ಮನೆಗಳ ಮಕ್ಕಳು ಬೆಳಗಿನ ಜಾವದ ರೈಲಿನಲ್ಲಿ ಮಾರಿಕುಪ್ಪಂನಿಂದ ಬೆಂಗಳೂರಿಗೆ ಕೆಲಸಕ್ಕೆ ಹೊರಡುತ್ತಾರೆ. ಹಿಂದೂ, ಬೌದ್ಧ, ಕ್ರೈಸ್ತ ಎಲ್ಲರೂ ಒಂದೇ ಡಬ್ಬಿಯಲ್ಲಿ. ಚುನಾವಣೆ ಬಂದಾಗ ಮೀಸಲು ಕ್ಷೇತ್ರದ ನಾಮಪತ್ರದಲ್ಲಿ ಅಭ್ಯರ್ಥಿ ತನ್ನ ಜಾತಿಯ ಹೆಸರನ್ನೂ ಅದನ್ನು ಪರಿಶಿಷ್ಟವೆಂದು ಎಣಿಸಿರುವ ಪ್ರದೇಶವನ್ನೂ ಬರೆದು ಸಹಿ ಹಾಕಬೇಕು. ದೇವರ ವಿಷಯವನ್ನು ಆ ಸಾಲಿನಲ್ಲಿ ಯಾರೂ ಕೇಳಿಲ್ಲ. ಅದನ್ನು ಕೇಳುವವನು ಎದುರಾಳಿ, ಪರಿಶೀಲನೆಯ ದಿನ, ಚುನಾವಣಾಧಿಕಾರಿಯ ಮುಂದೆ ಕಾಗದಗಳನ್ನು ಹಿಡಿದು ನಿಂತು.